ಅವನು ಹೇಳಿದ್ದು, ಅವಳಿಗೆ ಕೇಳಿದ್ದು

"ತಲೆ ಬಗ್ಗಿಸ್ರೀ!"

ಅವಳು ಕಿರುಚಿದಳು. ಅವನು ಬಗ್ಗಿಸಲಿಲ್ಲ. ಅದು ತನಗೆ ಹೇಳಿದ್ದೆಂದು ಅವನಿಗೆ ಹೊಳೆಯಲೂ ಇಲ್ಲ.

ತುರ್ತು ಚಿಕಿತ್ಸಾ ಕೋಣೆಯ ಗಾಜಿನ ಬಾಗಿಲು ಆಗಲೇ ಪುಡಿಯಾಗಿತ್ತು. ನುಗ್ಗಿ ಬಂದ ಗಂಡಸರಲ್ಲಿ ಒಬ್ಬ ಡ್ರಿಪ್ ಸ್ಟ್ಯಾಂಡನ್ನು ಎರಡೂ ಕೈಯಿಂದ ಎತ್ತಿ ಬೀಸುತ್ತಿದ್ದ. ಇನ್ನೊಬ್ಬ ಔಷಧಿ ಟ್ರಾಲಿಯನ್ನು ಒದ್ದು ಉರುಳಿಸಿದ. ಬಾಟಲಿಗಳು ಒಡೆದು ಸ್ಪಿರಿಟ್ಟಿನ ವಾಸನೆ ಮೂಗಿಗೆ ಅಡರಿತು. ವಾಹನ ನಿಲ್ಲಿಸುವ ಜಾಗಕ್ಕಾಗಿ ಬೀದಿಯಲ್ಲಿ ಶುರುವಾದ ಜಗಳ, ಗಾಯಾಳುವಿನ ಬೆನ್ನು ಹತ್ತಿ ಆಸ್ಪತ್ರೆಯೊಳಗೇ ಬಂದಿತ್ತು.

ಇಷ್ಟೆಲ್ಲದರ ನಡುವೆ ಒಬ್ಬ ಹೊಸ ಮನುಷ್ಯ, ಟಾರ್ಚಿನಂಥದ್ದೇನನ್ನೋ ಗಾಯಾಳುವಿನ ಹೊಟ್ಟೆಗೆ ಒತ್ತಿ, ಅಂಗೈಯಗಲದ ಪರದೆಯನ್ನೇ ನೋಡುತ್ತ ನಿಂತಿದ್ದ!

'ಯಾರಪ್ಪಾ ಈ ಪುಣ್ಯಾತ್ಮ!'

ಅವಳು ಹಾರಿ ಅವನ ಕಾಲರ್ ಹಿಡಿದು ಕೆಳಕ್ಕೆ ಎಳೆದಳು. ಅವನ ತಲೆಯಿದ್ದ ಜಾಗದಲ್ಲಿ ಡ್ರಿಪ್ ಸ್ಟ್ಯಾಂಡ್ ಸುಯ್ಯೆಂದು ಹಾದು ಗೋಡೆಗೆ ಬಡಿಯಿತು. ಅವನು ನೆಲಕ್ಕೆ ಬಿದ್ದ. ಅವಳು ಇನ್ನೂ ಅರ್ಧ ಬಗ್ಗಿದ್ದಳು. ಇನ್ನೊಬ್ಬ ಅವನ ಕೆನ್ನೆಗೆಂದು ಬೀಸಿದ ಅಗಲವಾದ ಅಂಗೈ, ಪೂರ್ತಿ ರಭಸದಲ್ಲಿ, ಅವಳ ಎಡಗಿವಿಯ ಮೇಲೆ ಬಿತ್ತು.

ಸದ್ದೇ ಹೋಯಿತು. ಎಲ್ಲರ ಬಾಯಿ ಅಲ್ಲಾಡುತ್ತಿತ್ತು, ಮಾತು ಮಾತ್ರ ಇಲ್ಲ. ಆಮೇಲೆ ಎಲ್ಲೋ ದೂರದಲ್ಲಿ ಕುಕ್ಕರ್ ಸೀಟಿ ಹಾಕಿದಂತೆ ಒಂದು ಸಣ್ಣ ಗುಂಯ್...

"ಮೇಡಂ..." ನೆಲದ ಮೇಲೆ ಗಾಜಿನ ಚೂರುಗಳ ನಡುವೆ ಕೂತೇ ಅವನು ಹೇಳುತ್ತಿದ್ದ. "ಇವರ ಹೊಟ್ಟೆಯೊಳಗೆ ರಕ್ತ ತುಂಬ್ತಾ ಇದೆ. ಎಕ್ಸ್-ರೇ ಬೇಡ. ನೇರ ಆಪರೇಷನ್‌ಗೆ ಕಳಿಸಿ."

"ನಿಮ್ಮ ತಲೆಯೊಳಗೆ ಏನಾದ್ರೂ ಇದ್ಯಾ? ಮೊದ್ಲು ಅದನ್ನ ನೋಡ್ಕೊಳ್ರಿ!"

ಅವನು ನಕ್ಕ. ಹಣೆಯಿಂದ ರಕ್ತ ಇಳಿಯುತ್ತಿತ್ತು, ಆದರೂ ನಕ್ಕ. ಅವಳಿಗೆ ಮೈಯೆಲ್ಲ ಉರಿದುಹೋಯಿತು!

ಅವನು ಹೇಳಿದ್ದು ನಿಜವಾಗಿತ್ತು. ಆ ಗಾಯಾಳು ಬದುಕಿದ.

* * *

ಅವನು ಬಂದಿದ್ದು ಒಂದು ಸಂಶೋಧನೆಗೆ. ಎದೆಗೋ ಹೊಟ್ಟೆಗೋ ಪೆಟ್ಟು ತಿಂದು ಬಂದವರನ್ನು ಎಕ್ಸ್-ರೇ ಕೋಣೆಗೆ ಹೊತ್ತುಕೊಂಡು ಹೋಗುವ ಮೊದಲೇ, ಸ್ಟ್ರೆಚರ್ ಮೇಲೆಯೇ ಕೈಯಲ್ಲಿ ಹಿಡಿಯುವ ಸಣ್ಣ ಉಪಕರಣದಿಂದ ಸ್ಕ್ಯಾನ್ ಮಾಡಿದರೆ ಹೆಚ್ಚು ಜೀವ ಉಳಿಯುತ್ತದೆಯೇ? ಅದೊಂದೇ ಅವನ ಪ್ರಶ್ನೆ. ಸದಾ ಕೈಯಲ್ಲಿ ಆ ಉಪಕರಣ ಹಿಡಿದು ಓಡಾಡುತ್ತಿದ್ದುದರಿಂದ ನರ್ಸುಗಳು ಅವನಿಗೆ ಟಾರ್ಚ್ ಡಾಕ್ಟರ್ ಎಂದು ಹೆಸರಿಟ್ಟರು. ತುರ್ತು ಚಿಕಿತ್ಸೆಯ ಡಾಕ್ಟರಾದ ಅವಳಿಗೆ ಮೊದಲಿನಿಂದಲೂ ಪಟಾಕಿ ಮೇಡಂ ಎಂಬ ಹೆಸರಿತ್ತು. ಎದುರಿಗೆ ಹೇಳುವ ಧೈರ್ಯ ಇದ್ದದ್ದು ಹಿರಿಯ ನರ್ಸ್ ಒಬ್ಬರಿಗೇ. ಅವರನ್ನು ಇಡೀ ಆಸ್ಪತ್ರೆ ದೊಡ್ಡಕ್ಕ ಎನ್ನುತ್ತಿತ್ತು.

"ಏನೇ ಪಟಾಕಿ, ಕಿವಿ ಹೇಗಿದೆ?"

"ಸರಿ ಹೋಯ್ತು ದೊಡ್ಡಕ್ಕ."

ಸರಿ ಹೋಗಿರಲಿಲ್ಲ. ಎಡಗಡೆಯಿಂದ ಬರುವ ಮಾತೆಲ್ಲ ಹತ್ತಿ ತುಂಬಿದ ಬಾಯಿಂದ ಬಂದಂತೆ ಕೇಳುತ್ತಿತ್ತು. ಮನೆಯಲ್ಲಿ ಅಮ್ಮ "ಟೀವಿ ಯಾಕೆ ಇಷ್ಟು ಜೋರು? ಬೀದಿಗೆಲ್ಲ ಕೇಳಿಸ್ಬೇಕಾ?" ಎಂದು ದಿನವೂ ಗೊಣಗುತ್ತಿದ್ದರು.

ಕಿವಿಯ ಡಾಕ್ಟರಿಗೆ ತೋರಿಸಿದರೆ ಅವರು ಮೊದಲು ಮಾಡುವ ಕೆಲಸ ಏನೆಂದು ಅವಳಿಗೆ ಗೊತ್ತಿತ್ತು. ತುರ್ತು ಚಿಕಿತ್ಸಾ ಕೋಣೆಯಿಂದ ಅವಳನ್ನು ಹೊರಗಿಡುವುದು. ಆ ಕೋಣೆ ಬಿಟ್ಟರೆ ಅವಳಿಗೆ ಬೇರೇನಿತ್ತು? ಮದುವೆಯ ಮಾತು ಮುರಿದು ಬಿದ್ದಾಗ, ಅಪ್ಪ ಹೋದಾಗ, ಅವಳನ್ನು ಎಬ್ಬಿಸಿ ನಿಲ್ಲಿಸಿದ್ದು ಆ ಕೋಣೆ.

'ತಾನಾಗೇ ವಾಸಿಯಾಗುತ್ತೆ... ಇಂಥ ಕಿವಿ ಎಷ್ಟು ನೋಡಿಲ್ಲ ನಾನು!'

ರೋಗಿ ಹೀಗೆಂದಿದ್ದರೆ ಅವಳು ಸರಿಯಾಗಿ ಬೈಯುತ್ತಿದ್ದಳು.

ಅಷ್ಟರಲ್ಲಿ ಅವನ ಸಂಶೋಧನೆಗೆ ಒಂದು ವಿಚಿತ್ರ ತೊಡಕು ಬಂತು. ಸ್ಕ್ಯಾನಿನಲ್ಲಿ ರಕ್ತ ಕಂಡಾಗ ಅವನು "ಪಾಸಿಟಿವ್!" ಎನ್ನುತ್ತಿದ್ದ. ಬಟ್ಟೆಯ ಪರದೆಯಾಚೆ ನಿಂತಿದ್ದ ಒಬ್ಬ ತಾಯಿ ಅದನ್ನು ಕೇಳಿ, ಕಣ್ಣೊರೆಸಿಕೊಂಡು, ಮಗ ಉಳಿದ ಎಂದು ಎಲ್ಲರಿಗೂ ಫೋನು ಮಾಡಿಬಿಟ್ಟಳು. ಆ ಮಗ ಉಳಿಯಲಿಲ್ಲ. ಅವತ್ತು ಇಬ್ಬರು ನರ್ಸುಗಳಿಗೆ ಏಟು ಬಿತ್ತು.

"ಇನ್ನು ಆ ಹಾಳು ಪದ ಬೇಡ," ಎಂದು ದೊಡ್ಡಕ್ಕ ತೀರ್ಪು ಕೊಟ್ಟರು. "ಪರದೆ ಮೇಲೆ ರಕ್ತ ಹೇಗೆ ಕಾಣುತ್ತೆ?"

"ಕಪ್ಪಾಗಿ," ಎಂದ ಅವನು.

"ಹಾಗಾದ್ರೆ ಕಪ್ಪು ಅನ್ರಿ. ನಮಗೆ ಅರ್ಥ ಆಗುತ್ತೆ, ಅವರಿಗೆ ಆಗಲ್ಲ."

ಅಂದಿನಿಂದ ರಕ್ತ ಕಂಡರೆ 'ಕಪ್ಪಿದೆ', ಕಾಣದಿದ್ದರೆ 'ಕಪ್ಪಿಲ್ಲ'.

ಒಂದು ಮಧ್ಯಾಹ್ನ ಕೋಣೆ ಖಾಲಿಯಿದ್ದಾಗ ಅವನು ಅವಳಿಗೆ ಸ್ಕ್ಯಾನ್ ಹೇಳಿಕೊಟ್ಟ. ಕೈಕಾಲು ನೋವೆಂದು ಬಂದಿದ್ದ ವಾಚ್‌ಮನ್‌ನನ್ನೇ ಮಲಗಿಸಿದರು.

"ಎದೆಗೂಡಿನ ಕೆಳಗೆ ಇಡಿ... ಇನ್ನೂ ಸ್ವಲ್ಪ ಒರಗಿಸಿ." ಅವನ ಕೈ ಅವಳ ಕೈ ಮೇಲೆ ಬಂತು. "ನೋಡಿ, ಹೃದಯ. ಅದರ ಸುತ್ತ ಒಂದು ಪೊರೆ. ಚೂರಿ ತಗುಲಿದ್ರೆ ಆ ಪೊರೆಯೊಳಗೆ ರಕ್ತ ತುಂಬುತ್ತೆ. ಹೃದಯಕ್ಕೆ ಹಿಗ್ಗೋಕೆ ಜಾಗ ಇರಲ್ಲ. ಹೊರಗೆ ಒಂದು ಹನಿ ಚೆಲ್ಲದೆ ಮನುಷ್ಯ ಸಾಯ್ತಾನೆ."

ಅವಳು ಪರದೆ ನೋಡುತ್ತಿದ್ದಳು. ಹಾಗೆಂದು ಅವಳು ಅಂದುಕೊಂಡಿದ್ದಳು. ನಿಜವಾಗಿ ಅವಳು ನೋಡುತ್ತಿದ್ದುದು ತನ್ನ ಬೆರಳುಗಳ ಮೇಲಿದ್ದ ಆ ಬೆರಳುಗಳನ್ನು...

"ಪಾಠ ಹೇಳೋಕೆ ಕೈ ಹಿಡೀಲೇಬೇಕಾ ಡಾಕ್ಟ್ರೇ?" ದೊಡ್ಡಕ್ಕ ಕೇಳಿದರು.

"ನನ್ನ ಹೃದಯ ಚೆನ್ನಾಗಿದ್ಯಾ ಅಷ್ಟು ಹೇಳ್ರಪ್ಪಾ," ಎಂದ ವಾಚ್‌ಮನ್ ಮಲಗಿದಲ್ಲಿಂದಲೇ. "ನಿಮ್ಮಿಬ್ಬರದ್ದು ಆಮೇಲೆ ನೋಡ್ಕೊಳ್ಳಿ."

ಅವಳ ಮುಖ ಕೆಂಪಾಯಿತು. ಅವನು ಎಡಗಡೆ ನಿಂತು ಮೆಲ್ಲಗೆ ಏನೋ ಹೇಳಿದ. ಅವಳಿಗೆ ಕೇಳಿಸಲಿಲ್ಲ. ಕೇಳಿಸಿದಂತೆ ನಕ್ಕಳು.

ಅವನು ಕೇಳಿದ್ದು, "ಭಾನುವಾರ ಎದುರಿನ ಬಸ್ ನಿಲ್ದಾಣದಲ್ಲಿ ಸಿಗ್ತೀರಾ?" ಎಂದು.

ಭಾನುವಾರ ಅವನು ಆಸ್ಪತ್ರೆಯೆದುರಿನ ಬಸ್ ನಿಲ್ದಾಣದಲ್ಲಿ ಸಂಜೆಯವರೆಗೂ ಕಾದ. ಅವಳು ಬರಲಿಲ್ಲ. ಸೋಮವಾರ ಅವಳು ಏನೂ ಆಗದವಳಂತೆ ಬಂದು "ಏನ್ರೀ ಟಾರ್ಚು, ಮುಖ ಯಾಕೆ ಬಾಡಿದೆ?" ಎಂದು ಕೇಳಿದಾಗ ಅವನು ಉಪಕರಣದ ಪರದೆ ಒರೆಸುತ್ತ ಅತ್ತ ತಿರುಗಿಕೊಂಡ.

* * *

ಒಂದು ದಿನ ಟೈರ್ ಅಂಗಡಿಯ ಹುಡುಗನೊಬ್ಬನನ್ನು ಅವನ ಅಣ್ಣ ಹೆಗಲ ಮೇಲೆ ಹೊತ್ತು ತಂದ. ಎಡ ಎದೆಯಲ್ಲಿ ಚೂರಿಯ ಗಾಯ. ಚಿಕ್ಕದು, ಮುಚ್ಚಿದ ಮೀನಿನ ಬಾಯಿಯ ಹಾಗೆ.

"ನನ್ನ ತಮ್ಮ! ನನ್ನ ತಮ್ಮನ್ನ ಉಳಿಸ್ರೀ!"

ಅವರ ಹಿಂದೆಯೇ ಚೂರಿ ಹಾಕಿದ ಕಡೆಯವರೂ ಬಂದರು, ಅವರಲ್ಲೂ ಒಬ್ಬನ ತಲೆ ಒಡೆದಿತ್ತು. ಎರಡು ಗುಂಪು ಒಂದೇ ಬಾಗಿಲಲ್ಲಿ! ಬೆಂಚು ಗಾಳಿಯಲ್ಲಿ ಹಾರಿತು. ಒಬ್ಬ ಬೆಲ್ಟು ಬಿಚ್ಚಿ ಸುತ್ತಿಸುತ್ತಿದ್ದ. ದೊಡ್ಡಕ್ಕ ಬಾಯಿಗೆ ಬಂದಂತೆ ಬೈಯುತ್ತ ಬಾಗಿಲಿಗೆ ಅಡ್ಡ ನಿಂತರು.

ಅವಳು ಹುಡುಗನ ಅಂಗಿ ಕತ್ತರಿಸಿದಳು. ಟಾರ್ಚ್ ಡಾಕ್ಟರ್ ಅವಳ ಎಡಕ್ಕೆ, ಮಾಸ್ಕ್ ಹಾಕಿಕೊಂಡು, ಎದೆಗೂಡಿನ ಕೆಳಗೆ ಉಪಕರಣ ಒತ್ತಿದ.

"ಹೃದಯ?" ಅವಳು ಕೂಗಿದಳು.

"ಕಪ್ಪಿದೆ!"

ಅವನು ಹೇಳಿದ್ದು ಅದು. ಅವಳಿಗೆ ಕೇಳಿದ್ದು, 'ತಪ್ಪಿದೆ!'

ಹೃದಯ ತಪ್ಪಿದೆ. ಚೂರಿ ಹೃದಯಕ್ಕೆ ತಗುಲಿಲ್ಲ. ಅಬ್ಬಾ!

"ಸರಿ!" ಎಂದಳು ಅವಳು.

ಅವಳಿಗೆ ಅರ್ಥವಾಯಿತೆಂದು ಅವನು, ತನಗೆ ಅರ್ಥವಾಯಿತೆಂದು ಅವಳು ಅಂದುಕೊಂಡರು. ಅಷ್ಟರಲ್ಲಿ ತಲೆ ಒಡೆದವನು ಕುಸಿದುಬಿದ್ದ, ಟಾರ್ಚ್ ಡಾಕ್ಟರ್ ಅತ್ತ ಓಡಿದ.

ಅವಳು ಸ್ಟೆತಾಸ್ಕೋಪ್ ಇಟ್ಟು ಕೇಳಿದಳು. ಹೃದಯದ ಸದ್ದು ಮಂಕಾಗಿ, ಬಹಳ ಆಳದಿಂದ ಬರುತ್ತಿತ್ತು. ಅದು ರಕ್ತ ತುಂಬಿದ ಹೃದಯದ ಗುರುತು. ಬೇರೆ ಯಾವ ದಿನವಾದರೂ ಅವಳು ಅಲ್ಲೇ ಬೆಚ್ಚಿಬೀಳುತ್ತಿದ್ದಳು. ಆದರೆ ಆ ಏಟಿನ ನಂತರ ಅವಳಿಗೆ ಎಲ್ಲರ ಹೃದಯವೂ ಮಂಕಾಗಿಯೇ ಕೇಳುತ್ತಿತ್ತಲ್ಲ...

ಶ್ವಾಸಕೋಶದ ಬದಿಯಲ್ಲಿ ರಕ್ತ ನಿಂತಿರಬಹುದೆಂದು ಅಲ್ಲಿಗೆ ಕೊಳವೆ ಇಳಿಸಿದಳು. ರಕ್ತ ಬಂತು, ಬಹಳವೇನಲ್ಲ. ಬಿಪಿ ಇಳಿಯಿತು. ಇನ್ನೂ ಇಳಿಯಿತು. ಯಾಕೆ? ಯಾಕೆ? ಆಗ ಅವಳ ಕಣ್ಣು ಹುಡುಗನ ಕುತ್ತಿಗೆಯ ಮೇಲೆ ಬಿತ್ತು. ನರಗಳು ಹಗ್ಗದಂತೆ ಉಬ್ಬಿದ್ದವು.

"ಸ್ಕ್ಯಾನ್ ಕೊಡ್ರಿ ಇಲ್ಲಿ!"

ಅವಳೇ ಕಿತ್ತುಕೊಂಡು ಒತ್ತಿದಳು. ಹೃದಯದ ಸುತ್ತ ದಪ್ಪನೆಯ ಕಪ್ಪು ಉಂಗುರ! ಒಳಗೆ ಹೃದಯ, ಮುಷ್ಟಿಯಲ್ಲಿ ಸಿಕ್ಕ ಹಕ್ಕಿಯಂತೆ ಅದುರಿ, ನಿಂತಿತು.

ಸರ್ಜನ್ ಓಡಿ ಬಂದು ಅಲ್ಲೇ ಎದೆ ತೆರೆದರು. ರಕ್ತ ನೆಲಕ್ಕೆ ಸುರಿಯಿತು. ಹೃದಯ ಮತ್ತೆ ಬಡಿಯತೊಡಗಿತು.

ಹುಡುಗ ಬದುಕಿದ. ಆದರೆ ಮಿದುಳಿಗೆ ಅಷ್ಟು ಹೊತ್ತು ರಕ್ತ ಹೋಗಿರಲಿಲ್ಲ. ಎಚ್ಚರವಾದಾಗ ಅಣ್ಣನನ್ನು ನೋಡಿ ಬಾಯಿ ತೆರೆದ. ಮಾತು ಬರಲಿಲ್ಲ.

* * *

"ತಪ್ಪಿದೆ ಅಂದ್ರಲ್ಲಾ!"

ಕಾರಿಡಾರಿನಲ್ಲಿ ಅವಳು ಅವನ ಎದೆಗೆ ಕೈಯಿಟ್ಟು ಗೋಡೆಗೆ ನೂಕಿದಳು. ಅವಳ ಚಪ್ಪಲಿಯ ಅಂಚಿನಲ್ಲಿ ಆ ಹುಡುಗನ ರಕ್ತದ ಕಲೆ ಇನ್ನೂ ಹೋಗಿರಲಿಲ್ಲ.

"ನಾನು... ಹಾಗನ್ನಲಿಲ್ಲ."

"ನನ್ನ ಕಿವಿಯಾರೆ ಕೇಳಿದೀನಿ! ಅವನಿಗೆ ಇಪ್ಪತ್ತೆರಡು ವರ್ಷ ಕಣ್ರೀ! ಮಾತೇ ಹೋಯ್ತು!" ಅವಳು ಅಳುತ್ತಿದ್ದಳು. "ನಿಮ್ಮನ್ನ ನಂಬಿದ್ದೆ ನಾನು... ಈ ಆಸ್ಪತ್ರೇಲಿ ಬೇರೆ ಯಾರನ್ನೂ ಅಷ್ಟು..."

ಮುಗಿಸದೆ ತಿರುಗಿ ನಡೆದಳು. ಅವನು ಹಿಂದಿನಿಂದ, ಎಡಗಡೆಯಿಂದ, ಕರೆದ. ಅವಳು ತಿರುಗಲಿಲ್ಲ. ಕೋಪಕ್ಕೆ ತಿರುಗಲಿಲ್ಲ ಎಂದುಕೊಂಡ. ಕಾರಿಡಾರಿನ ಗದ್ದಲದ ನಡುವೆ ಮತ್ತೆ ಕರೆದ. ಅವಳ ಹೆಗಲು ಸ್ವಲ್ಪವೂ ಅಲುಗಲಿಲ್ಲ. ಕೇಳಿಸಿಕೊಂಡೂ ತಿರುಗದವರ ಬೆನ್ನು ಹಾಗಿರುವುದಿಲ್ಲ.

ಅವನು ನಿಂತುಬಿಟ್ಟ. ರೋಗಪತ್ತೆಯೇ ಅವನ ಕೆಲಸ. ಆ ಭಾನುವಾರ ನೆನಪಾಯಿತು. ಮಾತಾಡುವಾಗ ಅವಳು ಬಲಗೆನ್ನೆ ಮುಂದೆ ಮಾಡುವುದು ನೆನಪಾಯಿತು. ಗಾಜು ಒಡೆದ ಆ ದಿನ ನೆನಪಾಯಿತು.

'ಅಯ್ಯೋ... ಅವಳ ಕಿವಿ!'

ವಿಚಾರಣೆಯಲ್ಲಿ ಆಸ್ಪತ್ರೆಯ ಸೂಪರಿಂಟೆಂಡೆಂಟ್ ಕೇಳಿದರು. "ನೀವು ಏನು ಹೇಳಿದಿರಿ? ನೇರವಾಗಿ ಹೇಳಿ."

ಅವನು ಅವಳ ಕಡೆ ನೋಡಿದ. ಅವಳು ಮೇಜನ್ನು ನೋಡುತ್ತಿದ್ದಳು.

"ಗದ್ದಲ ಇತ್ತು ಸರ್. ನಾನು ಸ್ಪಷ್ಟವಾಗಿ ಹೇಳದೆ ಇದ್ದಿರಬಹುದು."

ಅಷ್ಟು ಸಾಕಾಯಿತು. ಸಂಶೋಧನೆ ನಿಂತಿತು. ಅವನಿಗೆ ಹೊರಡಲು ಹೇಳಿದರು. ಟಾರ್ಚ್ ಡಾಕ್ಟರನ ತಪ್ಪಿನಿಂದಲೇ ಹುಡುಗನ ಮಾತು ಹೋಯಿತೆಂಬ ಸುದ್ದಿ ವಾರ್ಡಿನಿಂದ ಗೇಟಿಗೆ, ಗೇಟಿನಿಂದ ಟೈರ್ ಅಂಗಡಿಗೆ ತಲುಪಿತು.

ಆ ಸಂಜೆ ಅವನು ಅವಳ ಡ್ಯೂಟಿ ಕೋಣೆಯ ಬಾಗಿಲಿಗೆ ಬಂದ.

"ಒಂದೇ ಮಾತು ಕೇಳಿ. ನಿಮ್ಮ..."

"ನಿಮ್ಮ ಮಾತು ಕೇಳಿ ಒಬ್ಬನ ಬಾಯಿ ಹೋಯ್ತು. ಇನ್ನು ಒಂದು ಮಾತೂ ಬೇಡ ನನಗೆ!"

ಬಾಗಿಲು ಮುಖಕ್ಕೆ ಬಡಿದಂತೆ ಮುಚ್ಚಿತು. ಒಳಗೆ ಅವಳು ಬಾಗಿಲಿಗೇ ಒರಗಿ ಕುಸಿದು ಕೂತಳು.

'ಇಷ್ಟು ದ್ವೇಷ ಇದ್ದರೆ ಇಷ್ಟು ನೋವು ಯಾಕಾಗ್ಬೇಕು...'

* * *

ಮರುದಿನ ಅವನು ತನ್ನ ಉಪಕರಣಗಳ ಪೆಟ್ಟಿಗೆ ಎತ್ತಿಕೊಂಡು ಕಾರಿನ ಹತ್ತಿರ ಬಂದಿದ್ದ. ಹಟ್ಟಹಗಲು. ನಿಲುಗಡೆಯ ತುಂಬ ಜನ.

"ಟಾರ್ಚ್ ಡಾಕ್ಟರ್ ನೀನೇನಾ?"

ಅವನು ತಿರುಗಿದ. ಟೈರ್ ಅಂಗಡಿಯ ಅಣ್ಣ. ಕೈಯಲ್ಲಿ ಚಕ್ರ ಬಿಚ್ಚುವ ಕಬ್ಬಿಣದ ರಾಡು.

"ನಾನೇ."

ಮೊದಲ ಏಟು ಕಾರಿನ ಕಿಟಕಿಗೆ ಬಿತ್ತು. ಗಾಜು ಸಿಡಿದು ಅಣ್ಣನ ಅಂಗೈಯನ್ನೇ ಸೀಳಿತು. ಅವನಿಗೆ ಅದರ ಪರಿವೆಯೇ ಇರಲಿಲ್ಲ. ಎರಡನೆಯದು ಎಡ ಪಕ್ಕೆಗೆ. ಮೂಳೆ ಮುರಿದ ಸದ್ದು ಗೇಟಿನ ವಾಚ್‌ಮನ್‌ಗೂ ಕೇಳಿಸಿತು. ಪೆಟ್ಟಿಗೆ ಬಿತ್ತು, ಅವನೂ ಬಿದ್ದ. ಬಿದ್ದವನ ಮೇಲೆ ಮತ್ತೆ, ಅದೇ ಪಕ್ಕೆಗೆ, ಮತ್ತೆ...

"ಮಾತಾಡೋ ಈಗ! ಮಾತಾಡು! ನನ್ನ ತಮ್ಮ ಮಾತಾಡಲ್ಲ, ನೀನಾದ್ರೂ ಮಾತಾಡೋ!"

ಅವನು ಮಾತಾಡಲಿಲ್ಲ. ಅವಳ ಹೆಸರು ಹೇಳಲಿಲ್ಲ.

ಸ್ಟ್ರೆಚರ್ ಒಳಗೆ ಬಂದಾಗ ಅವಳು ಬೇರೊಬ್ಬನ ಗಾಯಕ್ಕೆ ಪಟ್ಟಿ ಸುತ್ತುತ್ತಿದ್ದಳು. ಮುಖ ನೋಡಿದಳು. ಕೈಯಲ್ಲಿದ್ದ ಪಟ್ಟಿಯ ಉಂಡೆ ಜಾರಿ ನೆಲದ ಮೇಲೆ ಉರುಳಿಕೊಂಡು ಹೋಯಿತು.

"ಸುಮ್ನೆ ನಿಂತ್ಕೋಬೇಡೇ ಪಟಾಕಿ!" ದೊಡ್ಡಕ್ಕ ಗದರಿದರು.

ಹೊರಗೆ ಜನ ಅಣ್ಣನನ್ನು ಹಿಡಿದು ಬಡಿಯುತ್ತಿದ್ದರು. ಪೊಲೀಸರ ಸೀಟಿ, ಬಾಗಿಲಿಗೆ ಬೀಳುವ ಒದೆತ, ಕೂಗು. ಜೊತೆಯ ಡ್ಯೂಟಿ ಡಾಕ್ಟರ್ ಮಾಸ್ಕ್ ಏರಿಸಿ, ಅವಳ ಎಡಕ್ಕೆ ನಿಂತು, ಬಿದ್ದವನ ಪೆಟ್ಟಿಗೆಯಿಂದಲೇ ತೆಗೆದ ಸ್ಕ್ಯಾನನ್ನು ಅವನ ಪಕ್ಕೆಗೆ ಒತ್ತಿದರು. ಅವಳು ಬಲಗಡೆ ಸೂಜಿ ಚುಚ್ಚುತ್ತಿದ್ದಳು.

"ಕಪ್ಪಿದೆ!"

ಅವಳಿಗೆ ಕೇಳಿದ್ದು, 'ತಪ್ಪಿದೆ!'

ತಪ್ಪಿದೆ... ಗಂಡಾಂತರ ತಪ್ಪಿದೆ! ಕಣ್ಣು ತುಂಬಿ ಬಂತು. "ಹಾಗಾದ್ರೆ ಎಕ್ಸ್-ರೇಗೆ ಕರ್ಕೊಂಡು ಹೋಗೋಣ," ಎಂದಳು, ನಗುವಂಥ ದನಿಯಲ್ಲಿ.

"ಏನ್ರೀ ಹೇಳ್ತಿದೀರಾ?" ಡ್ಯೂಟಿ ಡಾಕ್ಟರ್ ಮಾಸ್ಕ್ ಕೆಳಗೆಳೆದರು. "ಕಪ್ಪಿದೆ ಅಂದೆ! ಕಪ್ಪು!"

ಅವಳು ಪರದೆಯತ್ತ ತಿರುಗಿದಳು. ಪಕ್ಕೆಯೊಳಗೆ ಕಪ್ಪು, ಕಣ್ಣೆದುರೇ ಅಗಲವಾಗುತ್ತಿತ್ತು.

ಒಂದು ಕ್ಷಣ ಅವಳಿಗೆ ಯಾವ ಸದ್ದೂ ಕೇಳಿಸಲಿಲ್ಲ. ಎರಡೂ ಕಿವಿಯಲ್ಲಿ.

ಅವನು ಅವತ್ತು ಹೇಳಿದ್ದು ಇದೇ! ಇದೇ ಪದ! ಆ ಹುಡುಗನ ಹೃದಯ ಮಂಕಾಗಿ ಬಡಿದದ್ದು ನಿಜ. ಅದು ಕೂಗಿ ಹೇಳುತ್ತಿತ್ತು. ಇವನೂ ಕೂಗಿ ಹೇಳಿದ್ದ. ಮುಚ್ಚಿದ್ದು ನನ್ನ ಕಿವಿ, ಮುಚ್ಚಿಟ್ಟವಳು ನಾನು...

"ಥಿಯೇಟರ್‌ಗೆ! ಈಗಲೇ!" ಅವಳು ಕೂಗಿದ ಕೂಗಿಗೆ ಹೊರಗಿನ ಗದ್ದಲವೂ ಒಮ್ಮೆ ನಿಂತಿತು. "ರಕ್ತ ತನ್ನಿ! ಲಿಫ್ಟ್ ಹಿಡೀರಿ!"

ಸ್ಟ್ರೆಚರ್ ತಳ್ಳುತ್ತ ಓಡುವಾಗ ಅವನ ಕೈ ಅವಳ ಕೈಯಲ್ಲಿ ತಣ್ಣಗಿತ್ತು. ಥಿಯೇಟರಿನ ಬಾಗಿಲಲ್ಲಿ ಯಾರೋ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

* * *

ಅವಳು ಕೆಳಗೆ ಬಂದಾಗ ಟೈರ್ ಅಂಗಡಿಯ ಅಣ್ಣ ಬೆಂಚಿನ ಮೇಲೆ ಕೂತಿದ್ದ. ಒಂದು ಕೈಗೆ ಬೇಡಿ, ಇನ್ನೊಂದು ಅಂಗೈ ಸೀಳಿ ರಕ್ತ ಸುರಿಯುತ್ತಿತ್ತು. ಪಕ್ಕದಲ್ಲಿ ಪೊಲೀಸಿನವನು.

"ನಾನು ಹೊಲೀತೀನಿ," ಎಂದಳು.

ಮರವಟ್ಟಿಸುವ ಚುಚ್ಚುಮದ್ದು ಕೊಟ್ಟಳು. ಎರಡು ಹೊಲಿಗೆ ಹಾಕಿದಳು. ಆಮೇಲೆ ತಲೆಯೆತ್ತದೆ ಹೇಳಿದಳು.

"ಅವರು ನಿಮ್ಮ ತಮ್ಮನ ವಿಷಯದಲ್ಲಿ ಸರಿಯಾಗೇ ಹೇಳಿದ್ರು. ಹೃದಯದ ಸುತ್ತ ರಕ್ತ ಇದೆ ಅಂತ. ನನಗೆ ಬೇರೆ ಥರ ಕೇಳಿಸ್ತು. ನನ್ನ ಒಂದು ಕಿವಿ ಸರಿಯಿಲ್ಲ. ನನಗೆ ಅದು ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ."

ಅವನು ಅವಳನ್ನೇ ನೋಡಿದ.

"ಹಾಗಾದ್ರೆ ನಾನು ಹೊಡೆದದ್ದು..."

"ತಪ್ಪು ಮಾಡದವರಿಗೆ."

ಅವನ ಕೈ ಅವಳ ಕೈಯೊಳಗೇ ಮುಷ್ಟಿಯಾಯಿತು. ಹೊಲಿಗೆ ಎಳೆದು ರಕ್ತ ಚಿಮ್ಮಿತು. ಪೊಲೀಸಿನವನು ಎದ್ದುನಿಂತ.

"ಈಗ ಹೇಳ್ತೀರಾ?" ಅವನು ಹಲ್ಲು ಕಚ್ಚಿ ಕೇಳಿದ. "ನನ್ನ ಒಂದು ಕೈ ಕಟ್ಟಿದೆ, ಇನ್ನೊಂದು ನಿಮ್ಮ ಸೂಜಿ ಕೆಳಗಿದೆ. ಈಗ ಹೇಳ್ತೀರಾ?"

"ನನಗೂ ಈಗಲೇ ಗೊತ್ತಾಗಿದ್ದು. ಬೇಡಿ ಬಿಚ್ಚಿದ್ ಮೇಲೆ ಬನ್ನಿ. ಆಗಲೂ ಇದನ್ನೇ ಹೇಳ್ತೀನಿ."

ಅವನ ಮುಷ್ಟಿ ನಿಧಾನವಾಗಿ ಬಿಚ್ಚಿಕೊಂಡಿತು.

"ನನ್ನ ತಮ್ಮ ಮಾತಾಡ್ತಾನಾ?"

"ಗೊತ್ತಿಲ್ಲ. ಅಭ್ಯಾಸ ಮಾಡಿಸ್ತಾರೆ. ಸ್ವಲ್ಪ ಬರಬಹುದು. ಪೂರ್ತಿ ಬರುತ್ತೆ ಅಂತ ಸುಳ್ಳು ಹೇಳಲ್ಲ."

"ಬಾಯಿ ಬಡುಕ ಅವನು..." ಅಣ್ಣ ತನ್ನ ಸೀಳಿದ ಅಂಗೈಯನ್ನೇ ನೋಡಿದ. "ಸ್ವಲ್ಪ ಹೊತ್ತು ಬಾಯಿ ಮುಚ್ಕೊಂಡಿರೋ ಅಂತ ದಿನಾ ಬೈತಿದ್ದೆ ರೀ..."

ಅವಳು ಉಳಿದ ಹೊಲಿಗೆಗಳನ್ನು ಹಾಕಿದಳು. ಕಣ್ಣೀರು ಗ್ಲೌಸಿನ ಮೇಲೆ ಬೀಳುತ್ತಿತ್ತು. ಯಾರದ್ದೆಂದು ಇಬ್ಬರಿಗೂ ತಿಳಿಯಲಿಲ್ಲ.

ಅಲ್ಲಿಂದ ನೇರ ಸೂಪರಿಂಟೆಂಡೆಂಟರ ಕೋಣೆಗೆ ಹೋದಳು.

* * *

ಅವನು ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯ ಕಾಲಿನ ತನಕ ಬಂದಿತ್ತು. ಪಕ್ಕದ ಕುರ್ಚಿಯಲ್ಲಿ ಅವಳು. ಬಿಳಿ ಕೋಟು ಇಲ್ಲ. ಎಡಗಿವಿಯಲ್ಲಿ ಔಷಧಿಯ ಹತ್ತಿ.

"ನೀರು..."

"ಕೊಡಲ್ಲ. ಹೊಟ್ಟೆ ಹೊಲಿದಿದಾರೆ, ಪಕ್ಕೆಯೊಳಗೆ ಒಡೆದಿದ್ದ ಗುಲ್ಮ, ಅದೇ ಸ್ಪ್ಲೀನ್, ತೆಗೆದಿದಾರೆ. ಡಾಕ್ಟರಾಗಿ ಅಷ್ಟೂ ಗೊತ್ತಿಲ್ವಾ?"

ಬೈಯುತ್ತಲೇ ಹತ್ತಿಯನ್ನು ನೀರಲ್ಲಿ ಅದ್ದಿ ಅವನ ತುಟಿ ಒದ್ದೆ ಮಾಡಿದಳು.

"ಕೋಟು ಎಲ್ಲಿ?"

"ಒಪ್ಪಿಸಿ ಬಂದೆ. ಕಿವಿಯ ತಮಟೆ ಹರಿದಿದೆಯಂತೆ, ಕೀವು ಬೇರೆ. ವಾಸಿ ಆಗೋ ತನಕ ಆ ಕೋಣೆಗೆ ಕಾಲಿಡೋ ಹಾಗಿಲ್ಲ. ವಿಚಾರಣೆ ಮತ್ತೆ ಮಾಡ್ತಾರೆ, ಈ ಸಲ ನನ್ನದು. ಆಮೇಲೆ ಸೇರಿಸ್ಕೊಳ್ತಾರೋ ಇಲ್ವೋ..." ಅವಳು ಹತ್ತಿಯನ್ನು ಪಕ್ಕಕ್ಕಿಟ್ಟಳು. "ನಿಮ್ಮ ಸಂಶೋಧನೆ ಮತ್ತೆ ಶುರು ಮಾಡ್ತಾರಂತೆ. ಹೇಳಿದ್ದನ್ನ ಕೇಳಿದವರು ತಿರುಗಿ ಹೇಳ್ಬೇಕು ಅಂತ ಹೊಸ ನಿಯಮ."

ಅವನು ಕಣ್ಣು ಮುಚ್ಚಿದ. "ಹೇಳಿಬಿಟ್ರಾ..."

"ನಿಮಗೆ ಗೊತ್ತಿತ್ತು!" ಅವಳು ಸಿಡಿದಳು. "ಗೊತ್ತಿದ್ದೂ ತಪ್ಪು ಮೈಮೇಲೆ ಹಾಕ್ಕೊಂಡ್ರಿ! ಅದೇ ಕಿವಿ ಇಟ್ಕೊಂಡು ನಾನು ಇಷ್ಟು ದಿನ ಜನರ ಜೀವದ ಜೊತೆ ಆಡಿದೀನಿ. ಇದನ್ನ ಪ್ರೀತಿ ಅಂದ್ಕೊಂಡ್ರಾ?"

"ಹೇಳೋಕೆ ಬಂದಿದ್ದೆ... ಬಾಗಿಲು..."

"ಒದೀಬೇಕಿತ್ತು ಬಾಗಿಲನ್ನ!"

"ಹೌದು." ಅವನು ಉಸಿರಿಗಾಗಿ ಒಂದು ಕ್ಷಣ ತಡೆದ. "ಒದೀಬೇಕಿತ್ತು. ಆ ಕೋಣೆ ನಿಮಗೆ ಏನು ಅಂತ ಗೊತ್ತಿತ್ತು. ನಿಮ್ಮನ್ನ ಅಲ್ಲಿಂದ ಹೊರಗೆ ಹಾಕಿಸಿದವನು ನಾನಾಗಬಾರದು ಅನ್ನೋ ಆಸೆ. ಅದು ಹೇಡಿತನ. ಪ್ರೀತಿ ಬೇರೆ ಇತ್ತು, ಅದು ಮೊದಲಿಂದ ಇತ್ತು."

ಅವಳು ಮುಖ ತಿರುಗಿಸಿದಳು. ಕಣ್ಣೊರೆಸಿಕೊಂಡಳು.

"ಆ ರಾಡು ನನಗೆ ಬೀಳಬೇಕಿತ್ತು."

"ನಿಮ್ಮ ಕಿವಿಗೆ ಬಿದ್ದ ಏಟು? ಅದು ನನ್ನ ಕೆನ್ನೆದು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವಳಿಗೆ ಅಳುವಿನ ನಡುವೆಯೇ ನಗು ಬಂತು.

"ಒಬ್ಬರ ಏಟು ಇನ್ನೊಬ್ಬರು ತಿಂದ್ಕೊಂಡು... ಎಂಥಾ ಜೋಡಿ ರೀ ನಮ್ಮದು!"

ಅವನು ನಕ್ಕ. ನಕ್ಕವನೇ "ಅಮ್ಮಾ!" ಎಂದು ಹೊಟ್ಟೆ ಹಿಡಿದುಕೊಂಡ.

"ನಗಬೇಡ! ನಗಬೇಡ ಕಣೋ, ಹೊಲಿಗೆ ಬಿಚ್ಚುತ್ತೆ!"

ಅವನ ನೋವೂ ಒಂದು ಕ್ಷಣ ನಿಂತಿತು.

"ಏನಂದ್ರಿ?"

"ಹೊಲಿಗೆ ಬಿಚ್ಚುತ್ತೆ ಅಂದೆ."

"ಅದಕ್ಕೆ ಮುಂಚೆ."

ಅವಳ ಕತ್ತು, ಕೆನ್ನೆ ಎಲ್ಲ ಕೆಂಪಾಯಿತು. "ಬಾಯಿ ತಪ್ಪಿ ಬಂತು. ಈಗ ಹಿಂದಕ್ಕೆ ತಗೊಳಲ್ಲ. ನೀನೂ ಹಾಗೇ ಅನ್ನು."

"ಭಯ ಆಗುತ್ತೆ."

"ರಾಡಿಗೆ ಹೆದರದವನಿಗೆ?"

"ಹೆದರಿದ್ದೆ. ಬೀಳೋವಾಗ ಒಂದೇ ಯೋಚನೆ. ನೀವು ನನ್ನ ಮೇಲೆ ಕೋಪದಲ್ಲೇ ಉಳಿದುಬಿಡ್ತೀರಿ ಅಂತ."

ಬಾಗಿಲಲ್ಲಿ ದೊಡ್ಡಕ್ಕ ಕೆಮ್ಮಿದರು. "ರೋಗಿಗೆ ಸುಸ್ತಾಗುತ್ತೆ. ಏಳೇ ಮೇಲೆ, ಸಾಕು."

ಅವಳು ಎದ್ದಳು. ಡ್ರಿಪ್ ಚುಚ್ಚಿದ್ದ ಅವನ ಕೈ ಹಾಸಿಗೆಯಿಂದ ಮೇಲೆದ್ದು ಅವಳ ತೋಳಿನ ಅಂಚನ್ನು ಹಿಡಿಯಿತು.

"ಹೋಗಬೇಡ..." ಅವನು ಒಂದು ಉಸಿರು ಎಳೆದುಕೊಂಡ. "ಕಣೇ."

ದೊಡ್ಡಕ್ಕ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡು ಹೋದರು.

ಅವಳು ಮತ್ತೆ ಕೂತಳು. ಆ ಕೈಯನ್ನು, ಡ್ರಿಪ್ಪಿನ ನಳಿಗೆ ಸಮೇತ, ಎರಡೂ ಕೈಯಲ್ಲಿ ತೆಗೆದುಕೊಂಡಳು.

"ಎಲ್ಲಿಗೆ ಹೋಗ್ಲಿ? ಕೆಲ್ಸಾನೂ ಇಲ್ಲ ಈಗ."

"ಕೆಲ್ಸ ಸಿಕ್ಕಿದ್ ಮೇಲೆ?"

"ಆಗ ಸಂಜೆ ಬಂದು ಕರ್ಕೊಂಡು ಹೋಗು."